ಗುಂಡಿ ಹಾಕಲಾಗದ ಬೆರಳುಗಳು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಆಕೆ ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬಂದಾಗ ಮಗುವಿಗೆ ಒಂಬತ್ತು ವಾರ. ಮಗು ಗಂಡನ ತೋಳಲ್ಲಿತ್ತು. ಅವರು ಹೊರಗೆ ಕೂತರು. ಬಾಗಿಲು ಮುಚ್ಚಿದ ಮೇಲೆ ಆಕೆ ಬ್ಯಾಗಿನಿಂದ ಮಗುವಿನ ಅಂಗಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸಣ್ಣ ಸಣ್ಣ ಗುಂಡಿಗಳು. "ನೋಡಿ ಮೇಡಂ" ಅಂತ ಬಲಗೈಯಲ್ಲಿ ಒಂದು ಗುಂಡಿ ಹಾಕಲು ಹೋದರು. ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಗುಂಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಅನ್ನುವುದನ್ನು ಅವರು ಕಣ್ಣಿಂದ ನೋಡಿಯೇ ತಿಳಿಯಬೇಕಿತ್ತು.

"ಐದು ದಿನದಿಂದ ಹೀಗೆ. ಯಾರಿಗೂ ಹೇಳಿಲ್ಲ."

ಆಕೆಗೆ ನಾಲ್ಕು ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಎಂಎಸ್ ಅಂತಾರಲ್ಲ, ಅದು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಗೆ ಪೆಟ್ಟು ಕೊಡುವ ಕಾಯಿಲೆ. ಕೆಲವು ದಿನ ಕಾಡುತ್ತದೆ, ಆಮೇಲೆ ತಣ್ಣಗಾಗುತ್ತದೆ, ಮತ್ತೆ ಯಾವಾಗಲೋ ಮರುಕಳಿಸುತ್ತದೆ. ಬಸುರಿಯಾಗಿದ್ದಾಗ ಕಾಯಿಲೆ ಇರುವುದೇ ಮರೆತುಹೋಗಿತ್ತಂತೆ.

"ಮನೆಯಲ್ಲಿ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ಮಗುವನ್ನು ನನ್ನ ಕೈಗೆ ಕೊಡಲ್ಲ. ಮತ್ತೆ, ಈ ಕಾಯಿಲೆ ಇಟ್ಕೊಂಡು ಮಗು ಬೇಡ ಅಂತ ಕೆಲವರು ಅಂದಿದ್ದರು. ನಾನೇ ಹಟ ಮಾಡಿ ಹೆತ್ತೆ. ಈಗ ಯಾವ ಬಾಯಲ್ಲಿ ಹೇಳಲಿ?"

ಆ ಮಾತಿಗೆ ನಾನು ಉತ್ತರ ಕೊಡಲೇಬೇಕಿತ್ತು, ಆದರೆ ಮೊದಲು ಇನ್ನೊಂದು ಕೆಲಸವಿತ್ತು. ನಮ್ಮ ಮಾತುಕತೆ ಎರಡು ದಿನ ಕಾಯಬಹುದು. ಐದು ದಿನದ ಜೋಮು ಕಾಯಬಾರದು. ನರರೋಗ ತಜ್ಞರಿಗೆ ಅಲ್ಲೇ ಕೂತು ಫೋನ್ ಮಾಡಿಸಿದೆ. ಹೊಸ ಲಕ್ಷಣ 24 ಗಂಟೆಗಿಂತ ಜಾಸ್ತಿ ಉಳಿದರೆ, ಜ್ವರ ಸೋಂಕು ಇಲ್ಲದಿದ್ದರೆ, ಅದನ್ನು ಮರುಕಳಿಕೆ ಇರಬಹುದು ಅಂತಲೇ ನೋಡಬೇಕು. "ಬಾಣಂತಿ ಅಂದ್ರೆ ಸುಸ್ತು ಇದ್ದದ್ದೇ" ಅಂತ ಸುಮ್ನೆ ಇದ್ದುಬಿಡುವುದು ಇಲ್ಲೇ ಅಪಾಯ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೆರಿಗೆಯ ನಂತರದ ವಾರಗಳಲ್ಲಿ ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟಬೇಡಿ. ಇದ್ದಕ್ಕಿದ್ದಂತೆ ತಡೆಯಲಾಗದ ತಲೆನೋವು, ಫಿಟ್ಸ್, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ತುರ್ತು ಚಿಕಿತ್ಸೆಗೆ ಓಡಬೇಕು. ಆಗ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ಹೊರಡುವ ಮುಂಚೆ ಆಕೆ ಇನ್ನೊಂದು ಗುಟ್ಟು ಬಿಚ್ಚಿದರು. ಮಗುವಿಗೆ ಸ್ನಾನ ಮಾಡಿಸುವಾಗ ಕಣ್ಣು ಮಂಜಾಗುತ್ತದೆ. ಅದಕ್ಕೇ ಏನೋ ನೆಪ ಹೇಳಿ ಸ್ನಾನದ ಕೆಲಸ ಅತ್ತೆಗೆ ಬಿಟ್ಟಿದ್ದಾರೆ. "ಎಷ್ಟು ಹೊತ್ತು ಮಂಜಾಗಿರುತ್ತೆ?" ಅಂತ ಕೇಳಿದೆ. ಹೊರಗೆ ಬಂದು ಫ್ಯಾನಿನ ಕೆಳಗೆ ಕೂತರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತದಂತೆ. ಇದನ್ನು 1890ರಲ್ಲೇ ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಗುರುತಿಸಿದ್ದರು. ಮೈ ಬಿಸಿಯಾದರೆ ಹಿಂದೆ ಪೆಟ್ಟು ತಿಂದ ನರ ಸ್ವಲ್ಪ ಹೊತ್ತು ತಡವರಿಸುತ್ತದೆ, ತಣ್ಣಗಾದರೆ ಸರಿಹೋಗುತ್ತದೆ. ಅದರಿಂದ ಹೊಸ ಪೆಟ್ಟೇನೂ ಆಗುವುದಿಲ್ಲ. ಇದನ್ನೂ ವೈದ್ಯರಿಗೆ ಹೇಳಿ ಅಂದೆ. ಆಮೇಲೆ ವೈದ್ಯರೂ ಅದೇ ಅಂದರು. ಕೈಯದು ಒಂದು ಕಥೆ, ಕಣ್ಣಿನದು ಇನ್ನೊಂದು. ಎರಡನ್ನೂ ಸೇರಿಸಿ "ಎಲ್ಲ ಮುಗೀತು" ಅಂದುಕೊಂಡು ಆಕೆ ರಾತ್ರಿಯೆಲ್ಲ ಕತ್ತಲಲ್ಲಿ ಬೆರಳು ಮಡಚಿ ಬಿಡಿಸಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿದರು. ಮೂತ್ರದ ಸೋಂಕು, ಹಾಲು ಕಟ್ಟಿ ಬರುವ ಎದೆ ಬಾವು, ಇವೂ ಹಳೆಯ ಲಕ್ಷಣಗಳನ್ನು ಕೆದಕುತ್ತವೆ. ಅಂಥದ್ದೇನೂ ಇರಲಿಲ್ಲ. ಮರುಕಳಿಕೆಯೇ. ಮೂರು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟರು. ಎದೆಹಾಲಿಗೆ ಹೋಗುವುದು ತೀರಾ ಕಡಿಮೆ. ಆದರೂ ಔಷಧ ಹೋದ ಮೇಲೆ ಕೆಲವು ಗಂಟೆ ಬಿಟ್ಟು ಹಾಲು ಕೊಡಿ ಅಂದಿದ್ದರು. ಆ ಹೊತ್ತಿಗೆ ಬೇಕಾದ ಹಾಲನ್ನು ಮೊದಲೇ ತೆಗೆದಿಟ್ಟರು. ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಮನಸ್ಸನ್ನೂ ಏರುಪೇರು ಮಾಡುತ್ತದೆ. ಇದನ್ನು ಗಂಡನಿಗೂ ಮುಂಚೆಯೇ ಹೇಳಿದೆ. ಆ ವಾರ ದಿನಾ ಸಂಜೆ ನಾನೇ ಫೋನ್ ಮಾಡಿದೆ.

ಎರಡನೇ ಭೇಟಿಯಲ್ಲಿ "ಯಾವ ಬಾಯಲ್ಲಿ ಹೇಳಲಿ" ಅನ್ನುವ ಮಾತಿಗೆ ಬಂದೆವು. ಆಕೆಗೆ ಸಮಾಧಾನದ ಮಾತು ಬೇಕಿರಲಿಲ್ಲ, ಲೆಕ್ಕ ಬೇಕಿತ್ತು. 1998ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದಿದೆ. ಎಂಎಸ್ ಇರುವ 254 ಮಹಿಳೆಯರನ್ನು ಬಸಿರಿನಿಂದ ಬಾಣಂತನದವರೆಗೆ ಗಮನಿಸಿದ್ದರು. ಬಸಿರಿಗೆ ಮುಂಚೆ ಮರುಕಳಿಕೆಯ ಪ್ರಮಾಣ ಒಬ್ಬರಿಗೆ ವರ್ಷಕ್ಕೆ ಸರಾಸರಿ 0.7. ಅದೇ ವರ್ಷದ ಲೆಕ್ಕದಲ್ಲಿ, ಬಸಿರಿನ ಕೊನೆಯ ಮೂರು ತಿಂಗಳಲ್ಲಿ 0.2ಕ್ಕೆ ಇಳಿಯಿತು. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ 1.2ಕ್ಕೆ ಏರಿತು. ಆಮೇಲೆ ಮತ್ತೆ ಹಳೆಯ ಮಟ್ಟಕ್ಕೇ ಬಂತು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಕೆಳಗೆ, ಮೇಲೆ, ಮತ್ತೆ ಸಮ. ಆಕೆ ಮೇಲೇರಿದ ಗೆರೆಯ ಮೇಲೆ ಬೆರಳಿಟ್ಟು, "ನಾನು ಇಲ್ಲಿದ್ದೀನಿ ಅಲ್ವಾ?" ಅಂದರು. ಹೌದು, ಅಲ್ಲೇ. ಇದು ಹಟ ಮಾಡಿದ್ದಕ್ಕೆ ಶಿಕ್ಷೆ ಅಲ್ಲ ಅಂತ ಬಾಯಿಬಿಟ್ಟೇ ಹೇಳಿದೆ. ಆ ಕಾಗದವನ್ನು ಆಕೆ ಮನೆಗೆ ತೆಗೆದುಕೊಂಡು ಹೋದರು. ಅದನ್ನೇ ಮುಂದಿಟ್ಟು ಗಂಡನಿಗೂ ಅತ್ತೆಗೂ ಹೇಳಿದರಂತೆ.

ಮಗುವನ್ನು ಯಾರೂ ಕಸಿದುಕೊಳ್ಳಲಿಲ್ಲ. ಅತ್ತೆ, "ಮೊದಲೇ ಹೇಳಬಾರದಿತ್ತಾ, ಮಗಾ" ಅಂದು ಅತ್ತರಂತೆ.

ಮುಂದೆ ನಾವು ಮಾಡಿದ್ದೆಲ್ಲ ಮನೆಯ ಸಣ್ಣ ಸಣ್ಣ ಏರ್ಪಾಡು. ಬಟ್ಟೆ ಬದಲಿಸುವುದು ಮೇಜಿನ ಮೇಲಲ್ಲ, ನೆಲದ ಮೇಲೆ ಚಾಪೆ ಹಾಸಿ. ಕೈ ಸೋತರೂ ಮಗು ಬೀಳುವುದಿಲ್ಲ. ಎತ್ತಿಕೊಳ್ಳುವುದು ಕೂತೇ, ಮೊಣಕೈ ಕೆಳಗೆ ದಿಂಬು. ಗುಂಡಿಯ ಬದಲು ಎಳೆದು ಅಂಟಿಸುವ ಪಟ್ಟಿಯ ಬಟ್ಟೆ. ಸ್ನಾನ ಬೆಳಿಗ್ಗೆ, ಕಿಟಕಿ ತೆರೆದು, ಇನ್ನೊಬ್ಬರು ಪಕ್ಕದಲ್ಲಿ. ನೀರು ಹೊಯ್ಯುವವರು ಅತ್ತೆ, ಮಗುವಿನ ಜೊತೆ ಮಾತಾಡುವವರು ತಾಯಿ. ರಾತ್ರಿ ಹತ್ತರಿಂದ ಎರಡೂವರೆವರೆಗೆ ಮಗು ಗಂಡನದ್ದು, ತೆಗೆದಿಟ್ಟ ಹಾಲು ಅವರೇ ಕುಡಿಸಬೇಕು. ಈ ನಾಲ್ಕೂವರೆ ಗಂಟೆಯ ಒಂದೇ ನಿದ್ದೆಗಾಗಿ ನಾನು ಸ್ವಲ್ಪ ಜಗಳವನ್ನೇ ಆಡಿದೆ. ಆಕೆಗೆ ಅದು ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು.

ಕತ್ತಲಲ್ಲಿ ಬೆರಳು ಪರೀಕ್ಷಿಸುವುದು ನಿಲ್ಲಬೇಕಿತ್ತು. ದಿನಕ್ಕೆ ಒಂದೇ ಸಲ, ಸಂಜೆ ಆರಕ್ಕೆ, ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ ಅಂದೆ. ಏನಾಯಿತು, ಎಷ್ಟು ಹೊತ್ತು ಇತ್ತು, ನಿದ್ದೆ ಎಷ್ಟು, ಜ್ವರ ಇತ್ತಾ. ಉಳಿದ ಹೊತ್ತು ಬೆರಳನ್ನು ಅದರ ಪಾಡಿಗೆ ಬಿಡಿ. ಇದು ಸುಲಭವಾಗಲಿಲ್ಲ. ಮೊದಲ ವಾರದ ಪುಟಗಳು ತುಂಬಿ ಅಂಚಿಗೂ ಹರಿದಿದ್ದವು.

ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳನ್ನೂ ಕೇಳಿದೆ. ಬಾಣಂತಿಯರ ಖಿನ್ನತೆ ಗುರುತಿಸಲು 1987ರಿಂದ ಬಳಕೆಯಲ್ಲಿದೆ. ಹತ್ತನೆಯದು ಪ್ರಾಣಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಆಕೆ "ಇಲ್ಲ" ಅಂದರು. ಒಟ್ಟು ಅಂಕ 14 ಇತ್ತು, ಅದು ಜಾಸ್ತಿಯೇ, ಹಾಗಾಗಿ ಮನೋವೈದ್ಯರನ್ನೂ ಕಾಣಿಸಿದೆವು. ಆರು ವಾರದ ನಂತರ 8.

ಎಂಎಸ್ ಔಷಧವನ್ನು ಯಾವಾಗ ಶುರು ಮಾಡುವುದು, ಹಾಲು ಕೊಡುತ್ತಾ ಯಾವುದನ್ನು ತೆಗೆದುಕೊಳ್ಳಬಹುದು ಅನ್ನುವುದನ್ನು ನರರೋಗ ತಜ್ಞರ ಜೊತೆ ಮಾತಾಡಿ ತೀರ್ಮಾನಿಸಿದ್ದಾರೆ. ಬಲ ಹೆಬ್ಬೆರಳ ತುದಿಯಲ್ಲಿ ಜೋಮು ಇನ್ನೂ ಸ್ವಲ್ಪ ಉಳಿದಿದೆ. ಕಳೆದ ಸಲ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು. ಮುಂದಿನ ಭೇಟಿಗೆ ಗಂಡನೂ ಒಳಗೆ ಬರುತ್ತಾರೆ. ಇಷ್ಟು ದಿನ ಅವರು ಹೇಗಿದ್ದಾರೆ ಅಂತ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.