ಸೋಲದಿದ್ದರೂ ಹೊರಗೆ: ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ಲೇಆಫ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಓಹಾಯೋದ ಕೊಲಂಬಸ್‌ನಲ್ಲಿದ್ದೇನೆ. ಐಪಿಎಲ್‌ನಲ್ಲಿ ಪಾಯಿಂಟ್ಸ್ ಟೇಬಲ್ ನೋಡಿದರೆ ಪ್ಲೇಆಫ್‌ಗೆ ಯಾರು ಹೋಗುತ್ತಾರೆಂದು ತಿಳಿಯುತ್ತದೆ. ಇಲ್ಲಿ ಹದಿಮೂರು ಜನರ ಸಮಿತಿ ಕೂತು ಹೇಳಬೇಕು. ಟೇಬಲ್ ಯಾಕಿಲ್ಲ?

ಉತ್ತರ: ತಂಡಗಳು ಜಾಸ್ತಿ, ಪಂದ್ಯಗಳು ಕಮ್ಮಿ. 2025ರಲ್ಲಿ ಮೇಲಿನ ದರ್ಜೆಯಲ್ಲಿದ್ದದ್ದು 136 ತಂಡಗಳು, ಒಂದೊಂದಕ್ಕೆ 12 ಪಂದ್ಯ (ತಮ್ಮ ಕಾನ್ಫರೆನ್ಸ್‌ನ, ಅಂದರೆ ತಂಡಗಳ ಒಕ್ಕೂಟದ, ಫೈನಲ್ ತಲುಪಿದವರಿಗೆ ಇನ್ನೊಂದು). 136 ತಂಡಗಳಲ್ಲಿ 9,180 ಜೋಡಿಗಳಾಗುತ್ತವೆ. ಆದರೆ ತಮ್ಮತಮ್ಮಲ್ಲಿ ಅವು ಆಡುವುದು ಹೆಚ್ಚೆಂದರೆ 816 ಪಂದ್ಯ. ನೂರು ಜೋಡಿಗಳಲ್ಲಿ ಒಂಬತ್ತು ಕೂಡ ಮುಖಾಮುಖಿಯಾಗುವುದಿಲ್ಲ. ಹೀಗಿರುವಾಗ ಒಬ್ಬರ ಹನ್ನೊಂದು ಗೆಲುವನ್ನೂ ಇನ್ನೊಬ್ಬರ ಒಂಬತ್ತು ಗೆಲುವನ್ನೂ ಒಂದೇ ತಕ್ಕಡಿಗೆ ಹಾಕಲಾಗದು; ಎದುರಾಳಿಗಳೇ ಬೇರೆ. 2024ರಲ್ಲಿ 11–2 ದಾಖಲೆಯ (11 ಗೆಲುವು, 2 ಸೋಲು) ಎಸ್‌ಎಂಯು ತಂಡ ಪ್ಲೇಆಫ್ ಒಳಗೆ ಬಂದು, 9–3ರ ಅಲಬಾಮಾ ಹೊರಗುಳಿದಾಗ ಎದ್ದ ಜಗಳವೂ ಇದೇ.

ಆದರೂ ಐಪಿಎಲ್‌ನಿಂದ ಕಲಿಯಬೇಕಾದದ್ದು ಒಂದಿದೆ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 218 ಹೊಡೆದ ಮೇಲೆ, ಚೆನ್ನೈ ಸೋತರೂ 201 ಮುಟ್ಟಿದರೆ ಪ್ಲೇಆಫ್ ಅವರದೇ ಎಂಬುದು ಸ್ಟೇಡಿಯಂನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರು 191ಕ್ಕೆ ನಿಂತರು. ನೆಟ್ ರನ್ ರೇಟ್ ಒಳ್ಳೆಯ ಅಳತೆಯೇ ಎಂದು ವಾದಿಸಬಹುದು, ಆದರೆ ಆ ಗೆರೆಯನ್ನು ಆಟಕ್ಕೆ ಮುಂಚೆಯೇ ಎಳೆದಿತ್ತು. ಕಾಲೇಜು ಫುಟ್‌ಬಾಲ್‌ನಲ್ಲಿ ಗೆರೆ ಎಲ್ಲಿದೆ ಎಂದು ತಿಳಿಯುವುದು ಆಟ ಮುಗಿದ ಮೇಲೆ. ನ್ಯಾಯದ ತೊಡಕಿರುವುದು ತಂಡಗಳ ಸಂಖ್ಯೆಗಿಂತ ಹೆಚ್ಚಾಗಿ ಇಲ್ಲಿ ಎಂದು ನಾವು ಭಾವಿಸುತ್ತೇವೆ.

ಪ್ರಶ್ನೆ: ಸಮಿತಿ ನಿಜವಾಗಿ ಮತ ಹಾಕುವುದು ಹೇಗೆ? 2023ರಲ್ಲಿ 13–0 ಇದ್ದ ಫ್ಲೋರಿಡಾ ಸ್ಟೇಟ್ ಹೇಗೆ ಹೊರಬಿತ್ತು?

ಉತ್ತರ: ಮೊದಲು ಪ್ರತಿ ಸದಸ್ಯರೂ 30 ತಂಡಗಳ ಪಟ್ಟಿ ಕೊಡುತ್ತಾರೆ. ಕನಿಷ್ಠ ಮೂವರ ಪಟ್ಟಿಯಲ್ಲಿ ಇರುವ ತಂಡಗಳು ಚರ್ಚೆಗೆ ಉಳಿಯುತ್ತವೆ. ಆಮೇಲೆ ಎಲ್ಲರೂ ತಮಗೆ ಅತ್ಯುತ್ತಮ ಎನಿಸಿದ ಆರನ್ನು ಬರೆಯುತ್ತಾರೆ. ಹೆಚ್ಚು ಮತ ಬಿದ್ದ ಆರು ತಂಡಗಳು ಒಂದು ಗುಂಪು. ಆ ಆರಕ್ಕೆ 1ರಿಂದ 6ರವರೆಗೆ ಅಂಕ ಕೊಟ್ಟು, ಒಟ್ಟು ಅಂಕ ಅತಿ ಕಡಿಮೆ ಇರುವ ಮೂರಕ್ಕೆ ಮೊದಲ ಮೂರು ಸ್ಥಾನ. ಉಳಿದ ಮೂರು ಮುಂದಿನ ಸುತ್ತಿಗೆ ಹೋಗುತ್ತವೆ, ಅವುಗಳ ಜತೆಗೆ ಹೊಸ ಮೂರು ಸೇರುತ್ತವೆ. ಹೀಗೆ 25ರವರೆಗೆ. ಯಾವ ವಿಶ್ವವಿದ್ಯಾಲಯದಿಂದ ಸದಸ್ಯರಿಗೆ ಸಂಬಳ ಬರುತ್ತದೋ, ಅದರ ಮತದಾನದಿಂದ ಅವರು ದೂರ ಉಳಿಯಬೇಕು.

ವಿಧಾನ ಅಚ್ಚುಕಟ್ಟಾಗಿದೆ. ತೊಡಕು ಇರುವುದು ಮತದ ಹಿಂದಿನ ಮಾನದಂಡದಲ್ಲಿ. ಕಾನ್ಫರೆನ್ಸ್ ಚಾಂಪಿಯನ್‌ಷಿಪ್, ಎದುರಾಳಿಗಳ ಬಲ, ಮುಖಾಮುಖಿ ಫಲಿತಾಂಶ, ಸಾಮಾನ್ಯ ಎದುರಾಳಿಗಳು, ಇವಿಷ್ಟೂ ಪಟ್ಟಿಯಲ್ಲಿವೆ. ಯಾವುದಕ್ಕೆ ಎಷ್ಟು ತೂಕ ಎಂಬುದು ಮಾತ್ರ ಎಲ್ಲೂ ಬರೆದಿಲ್ಲ. ಜತೆಗೆ ಒಂದು ವಾಕ್ಯವಿದೆ: ಮುಖ್ಯ ಆಟಗಾರರ ಗೈರುಹಾಜರಿಯನ್ನೂ ಪರಿಗಣಿಸಬಹುದು. ಫ್ಲೋರಿಡಾ ಸ್ಟೇಟ್‌ಗೆ ಮುಳುವಾದದ್ದು ಈ ವಾಕ್ಯ. ನವೆಂಬರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ ಆಟಗಾರ) ಜೋರ್ಡನ್ ಟ್ರಾವಿಸ್ ಕಾಲಿಗೆ ಪೆಟ್ಟಾಯಿತು. ಮೂರನೇ ಕ್ವಾರ್ಟರ್‌ಬ್ಯಾಕನ್ನು ಆಡಿಸಿಕೊಂಡೇ ತಂಡ ಲೂಯಿವಿಲ್ ವಿರುದ್ಧ 16–6ರಿಂದ ಕಾನ್ಫರೆನ್ಸ್ ಪ್ರಶಸ್ತಿ ಗೆದ್ದಿತು. ಆದರೂ ಒಂದೊಂದು ಸೋಲು ಕಂಡಿದ್ದ ಟೆಕ್ಸಾಸ್ ಮತ್ತು ಅಲಬಾಮಾ 3 ಮತ್ತು 4ನೇ ಸ್ಥಾನ ಪಡೆದವು. ಫ್ಲೋರಿಡಾ ಸ್ಟೇಟ್ ಐದನೆಯದು. ಆಗ ಪ್ಲೇಆಫ್‌ಗೆ ನಾಲ್ಕೇ ತಂಡ. ಬಳಿಕ ಆರೆಂಜ್ ಬೌಲ್ ಎಂಬ ಋತುವಿನ ಕೊನೆಯ ಪಂದ್ಯದಲ್ಲಿ ಜಾರ್ಜಿಯಾ ಅವರನ್ನು 63–3ರಿಂದ ಮಣಿಸಿದ್ದನ್ನು ಸಮಿತಿಗೆ ಸಮರ್ಥನೆಯಾಗಿ ತೋರಿಸುವವರಿದ್ದಾರೆ. ಅವಕಾಶ ತಪ್ಪಿದ ಮೇಲೆ ಹಲವು ಪ್ರಮುಖ ಆಟಗಾರರು ಆ ಪಂದ್ಯವನ್ನೇ ಆಡಲಿಲ್ಲ. ಅದನ್ನು ಪುರಾವೆ ಎಂದು ನಾವಂತೂ ಒಪ್ಪುವುದಿಲ್ಲ. ಆಡಿ ಗೆದ್ದದ್ದನ್ನು ಬದಿಗಿಟ್ಟು, ಮುಂದೆ ಸೋಲಬಹುದು ಎಂಬ ಊಹೆಗೆ ಅಂಕ ಕೊಟ್ಟದ್ದು ತಪ್ಪು.

ತೂಕ ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರ ಡಿಸೆಂಬರ್ ಇನ್ನೂ ಸ್ಪಷ್ಟ ಉದಾಹರಣೆ. ಋತುವಿನ ಮೊದಲ ಪಂದ್ಯದಲ್ಲೇ ಮಯಾಮಿ 27–24ರಿಂದ ನೋಟರ್ ಡೇಮ್ ತಂಡವನ್ನು ಸೋಲಿಸಿತ್ತು. ಎರಡರದ್ದೂ 10–2 ದಾಖಲೆ. ಕೊನೆಯ ವಾರಕ್ಕೆ ಮೊದಲು ನೋಟರ್ ಡೇಮ್ 10ನೇ ಸ್ಥಾನದಲ್ಲಿ, ಮಯಾಮಿ 12ರಲ್ಲಿ, ನಡುವೆ ಬಿವೈಯು ತಂಡ. ಆ ವಾರ ಇಬ್ಬರೂ ಆಡಲಿಲ್ಲ. ಬಿವೈಯು ಸೋತು ಕೆಳಗಿಳಿದಾಗ ಇವೆರಡು ಅಕ್ಕಪಕ್ಕ ಬಂದವು, ಆಗ ಮುಖಾಮುಖಿ ಫಲಿತಾಂಶ ಲೆಕ್ಕಕ್ಕೆ ಬಂತು. ಮಯಾಮಿ 10, ನೋಟರ್ ಡೇಮ್ 11. ಮಯಾಮಿ ಮೇಲಿರಬೇಕಾದದ್ದೇ ಸರಿ. ಆದರೆ ಆ ಗೆಲುವು ಸಿಕ್ಕಿದ್ದು ಆಗಸ್ಟ್ 31ಕ್ಕೆ. ಅದಕ್ಕೆ ಬೆಲೆ ಬಂದದ್ದು ಮೂರನೇ ತಂಡವೊಂದು ಸೋತಾಗ.

ಪ್ರಶ್ನೆ: ಹಾಗಿದ್ದರೆ ಹಳೆಯ ಕಂಪ್ಯೂಟರ್ ಲೆಕ್ಕವೇ ಮೇಲಲ್ಲವೇ?

ಉತ್ತರ: 1998ರಿಂದ 2013ರವರೆಗೆ ಇದ್ದ ಬಿಸಿಎಸ್ (ಬೌಲ್ ಚಾಂಪಿಯನ್‌ಷಿಪ್ ಸೀರೀಸ್) ಪದ್ಧತಿಯ ಕೊನೆಯ ರೂಪದಲ್ಲಿ, ಜನರ ಮತದಿಂದಾದ ಎರಡು ರ‍್ಯಾಂಕಿಂಗ್‌ಗಳಿಗೆ ಮೂರರಲ್ಲಿ ಒಂದೊಂದು ಪಾಲು, ಆರು ಕಂಪ್ಯೂಟರ್ ರ‍್ಯಾಂಕಿಂಗ್‌ಗಳಿಗೆ ಒಂದು ಪಾಲು. ಆರರಲ್ಲಿ ಅತಿ ಹೆಚ್ಚಿನದ್ದನ್ನೂ ಅತಿ ಕಡಿಮೆಯದ್ದನ್ನೂ ಬಿಟ್ಟು ನಾಲ್ಕರ ಸರಾಸರಿ. ಎಷ್ಟು ಅಂತರದಿಂದ ಗೆದ್ದರು ಎಂಬುದನ್ನು 2002ರಿಂದ ಕಂಪ್ಯೂಟರ್‌ಗಳು ನೋಡುವಂತಿರಲಿಲ್ಲ. ಆದರೆ ಆರರಲ್ಲಿ ಐದರ ಸೂತ್ರ ಗುಟ್ಟು. ವೆಸ್ ಕಾಲಿ ಅವರದ್ದು ಮಾತ್ರ ಬಹಿರಂಗ. 2010ರಲ್ಲಿ ಅವರ ದತ್ತಾಂಶದಿಂದ ಕೆಳದರ್ಜೆಯ ಒಂದೇ ಒಂದು ಪಂದ್ಯ, ಅಪಲಾಚಿಯನ್ ಸ್ಟೇಟ್–ವೆಸ್ಟರ್ನ್ ಇಲಿನಾಯ್, ಬಿಟ್ಟುಹೋಗಿತ್ತು. ಸರಿಪಡಿಸಿದಾಗ ಎಲ್‌ಎಸ್‌ಯು ಮತ್ತು ಬಾಯ್ಸಿ ಸ್ಟೇಟ್ 10 ಮತ್ತು 11ನೇ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡವು. ಸೂತ್ರ ಬಹಿರಂಗವಾಗಿದ್ದಕ್ಕೇ ಹೊರಗಿನವರು ಮತ್ತೆ ಲೆಕ್ಕ ಹಾಕಿ ತಪ್ಪು ಹಿಡಿಯಲು ಆಯಿತು. ಉಳಿದ ಐದರಲ್ಲಿ ತಪ್ಪಿದ್ದರೂ ಹೊರಗಿನವರಿಗೆ ತಿಳಿಯುವ ದಾರಿ ಇರಲಿಲ್ಲ. ಸೂತ್ರ ಬೇಕು, ಆದರೆ ತೆರೆದ ಸೂತ್ರ ಬೇಕು.

ಪ್ರಶ್ನೆ: ಪ್ಲೇಆಫ್‌ನಲ್ಲಿ ಹನ್ನೆರಡು ತಂಡಗಳಾದ ಮೇಲೆ ಸಣ್ಣ ಕಾನ್ಫರೆನ್ಸ್‌ಗಳಿಗೆ ದಾರಿ ಸಿಕ್ಕಿತಲ್ಲ?

ಉತ್ತರ: ಬಾಗಿಲು ತೆರೆದದ್ದು ನಿಜ. 2017ರಲ್ಲಿ ಸೋಲೇ ಕಾಣದ ಯುಸಿಎಫ್‌ಗೆ ಸಮಿತಿ ಕೊಟ್ಟಿದ್ದು 12ನೇ ಸ್ಥಾನ. ಅಲಬಾಮಾ, ಜಾರ್ಜಿಯಾ ಎರಡನ್ನೂ ಆ ಋತುವಿನಲ್ಲಿ ಸೋಲಿಸಿದ್ದ ಆಬರ್ನ್ ತಂಡವನ್ನು ಯುಸಿಎಫ್ ಪೀಚ್ ಬೌಲ್‌ನಲ್ಲಿ 34–27ರಿಂದ ಗೆದ್ದಿತು. ಪ್ರಶಸ್ತಿಗೆ ಆಡಿದ್ದು ಅಲಬಾಮಾ ಮತ್ತು ಜಾರ್ಜಿಯಾ. 2024 ಮತ್ತು 2025ರಲ್ಲಿ ಅತ್ಯುನ್ನತ ಸ್ಥಾನದ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಖಚಿತ ಪ್ರವೇಶವಿತ್ತು. 2025ರಲ್ಲಿ ಎಸಿಸಿ ಎಂಬ ಕಾನ್ಫರೆನ್ಸ್‌ನ ಚಾಂಪಿಯನ್ ಡ್ಯೂಕ್ ಬಳಿ ಐದು ಸೋಲು ಇದ್ದವು. ಅದು ಹೊರಗುಳಿದು, ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಎರಡೂ ಒಳಬಂದವು.

ಆದರೆ 2024ರ ಸೀಡಿಂಗ್ (ಯಾರಿಗೆ ಯಾರು ಎದುರಾಗುತ್ತಾರೆಂದು ತೀರ್ಮಾನಿಸುವ ಕ್ರಮಾಂಕ) ಬೇರೆಯದೇ ಅನ್ಯಾಯ ಮಾಡಿತು. ಮೊದಲ ನಾಲ್ಕು ಸೀಡ್, ಅದರ ಜತೆ ಮೊದಲ ಸುತ್ತಿನ ಬೈ (ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ), ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮಾತ್ರ. ಹಾಗಾಗಿ 9ನೇ ಸ್ಥಾನದ ಬಾಯ್ಸಿ ಸ್ಟೇಟ್ ಮೂರನೇ ಸೀಡ್ ಆಯಿತು, 12ರಲ್ಲಿದ್ದ ಅರಿಜೋನಾ ಸ್ಟೇಟ್ ನಾಲ್ಕನೆಯದು. 13–0 ಇದ್ದ ಆರೆಗನ್‌ಗೆ ಕ್ವಾರ್ಟರ್‌ಫೈನಲ್‌ನಲ್ಲೇ ಓಹಾಯೋ ಸ್ಟೇಟ್ ಎದುರಾಗಿ 41–21ರಿಂದ ಸೋಲಾಯಿತು. ಬಿಗ್ ಟೆನ್ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಇದೇ ಆರೆಗನ್‌ಗೆ ಸೋತಿದ್ದ ಪೆನ್ ಸ್ಟೇಟ್‌ಗೆ ಸಿಕ್ಕವರು ಎಸ್‌ಎಂಯು, ಬಾಯ್ಸಿ ಸ್ಟೇಟ್. ಫೈನಲ್ ಗೆದ್ದವರಿಗೆ ಸೋತವರಿಗಿಂತ ಕಷ್ಟದ ದಾರಿ. 2025ರಿಂದ ಬೈ ಪಡೆಯಲು ಪ್ರಶಸ್ತಿ ಗೆಲ್ಲಬೇಕಿಲ್ಲ. ರ‍್ಯಾಂಕಿಂಗ್‌ನಲ್ಲಿ ಮೊದಲ ನಾಲ್ಕರೊಳಗೆ ಇದ್ದರೆ ಸಾಕು. ಆದ್ದರಿಂದ ನಿಮ್ಮ ತಂಡ ಐದನೇ ಸ್ಥಾನದಲ್ಲಿದ್ದರೆ ಕಾನ್ಫರೆನ್ಸ್ ಫೈನಲ್ ದಿನ ನಾಲ್ಕನೆಯವರ ಪಂದ್ಯವನ್ನೂ ನೋಡಿ: ಅವರು ಸೋತರೆ ನಿಮಗೆ ಬೈ ಸಿಗಬಹುದು, ಇಲ್ಲದಿದ್ದರೆ 12ನೇ ಸೀಡ್ ವಿರುದ್ಧ ತವರಿನಲ್ಲಿ ಒಂದು ಪಂದ್ಯ ಹೆಚ್ಚಿಗೆ ಆಡಬೇಕು.