ಬೆಂಗಳೂರಿನಲ್ಲಿ ನಾಲ್ಕು ವಾರ: ಊರು ನೋಡುವುದನ್ನೇ ನಡಿಗೆಯಾಗಿಸಿಕೊಳ್ಳುವ ಬಗೆ

ನಮಸ್ಕಾರ ಮೇಡಂ. ಮಲ್ಲೇಶ್ವರದಲ್ಲಿ ಹದಿನೆಂಟು ವರ್ಷ ಸಂಸಾರ ಮಾಡಿ 2009ರಲ್ಲಿ ಧಾರವಾಡಕ್ಕೆ ಹೋಗಿ ನೆಲೆಸಿದ ನೀವು, ಬರುವ ಜನವರಿಯಲ್ಲಿ ನಾಲ್ಕು ವಾರ ಜಯನಗರದ ಮಗನ ಮನೆಯಲ್ಲಿ ಇರಲು ಬರುತ್ತಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಎಂಟು ತಿಂಗಳಿಂದ ರೂಢಿಸಿಕೊಂಡಿರುವ ದಿನಕ್ಕೆ ಮುಕ್ಕಾಲು ಗಂಟೆಯ ನಡಿಗೆ, ರಾತ್ರಿ ಹತ್ತಕ್ಕೆ ಮಲಗುವ ಅಭ್ಯಾಸ, ಸಕ್ಕರೆ ಹಾಕದ ಕಾಫಿ, ಈ ಮೂರೂ ಊರು ನೋಡುವ ಓಡಾಟದಲ್ಲಿ ಕೈತಪ್ಪಿ ಹೋಗಬಹುದೇ ಎಂದು ಕೇಳಿದ್ದೀರಿ. ಊರು ನೋಡುವುದಕ್ಕೆ ಒಂದು ಹೊತ್ತು, ಆರೋಗ್ಯಕ್ಕೆ ಇನ್ನೊಂದು ಹೊತ್ತು ಎಂದು ಬೇರೆಬೇರೆಯಾಗಿ ಇಟ್ಟುಕೊಂಡರೆ ಖಂಡಿತ ಕೈತಪ್ಪುತ್ತವೆ. ನೋಡಬೇಕೆಂದಿರುವ ಜಾಗಗಳನ್ನೇ ದಿನಕ್ಕೊಂದರಂತೆ ಬೆಳಗಿನ ನಡಿಗೆಯ ದಾರಿಯಾಗಿ ಮಾಡಿಕೊಂಡರೆ ಉಳಿಯುತ್ತವೆ. ಇದನ್ನು ಅನುಭವದಿಂದ ಹೇಳುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ತ್ಯಾಗರಾಜನಗರದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ನಿವೃತ್ತಿಯ ಬಳಿಕ ಮೈಸೂರಿಗೆ ಬಂದವಳು. ಕಳೆದ ವರ್ಷ ಬಸವನಗುಡಿಯ ತಂಗಿಯ ಮನೆಯಲ್ಲಿ ಒಂದು ತಿಂಗಳು ಇದ್ದೆ. ಹೋದ ಮರುದಿನವೇ ಬೆಳಿಗ್ಗೆ ಹೊರಟು, ದೊಡ್ಡ ಬಸವಣ್ಣನ ಗುಡಿ, ಬ್ಯೂಗಲ್ ರಾಕ್, ಗಾಂಧಿ ಬಜಾರ್, ನ್ಯಾಷನಲ್ ಕಾಲೇಜು, ಅಲ್ಲಿಂದ ಲಾಲ್‌ಬಾಗ್ ಎಂದು ಕಾಲು ಎಳೆದ ಕಡೆಗೆಲ್ಲ ಹೋದೆ. ಮನೆಗೆ ಬಂದು ಫೋನ್ ನೋಡಿದಾಗ ಹನ್ನೊಂದು ಕಿಲೋಮೀಟರ್ ಆಗಿತ್ತು. ಮೈಸೂರಿನಲ್ಲಿ ನನ್ನ ನಿತ್ಯದ ನಡಿಗೆ ನಾಲ್ಕು ಕಿಲೋಮೀಟರ್ ಮಾತ್ರ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಬಲಗಾಲು ಊರಿದರೆ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಯಿತು. ಮುಂದಿನ ಒಂಬತ್ತು ದಿನ ತಂಗಿಯ ಮನೆಯ ಜಗಲಿಯಲ್ಲಿ ಕುಳಿತು, ಫ್ರಿಜ್ಜಿನಲ್ಲಿಟ್ಟ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸುತ್ತಾ ಕಳೆದೆ. ಪ್ರೀತಿಯ ಊರಿಗೆ ಬಂದಾಗ ಆಯಾಸವೇ ಗೊತ್ತಾಗುವುದಿಲ್ಲ, ಅದೇ ಅಪಾಯ. ಆದ್ದರಿಂದ ಮೊದಲ ವಾರ ಧಾರವಾಡದಲ್ಲಿ ಎಷ್ಟು ದೂರ ನಡೆಯುತ್ತೀರೋ ಅಷ್ಟನ್ನೇ ನಡೆಯಿರಿ, ಒಂದು ಹೆಜ್ಜೆಯೂ ಹೆಚ್ಚು ಬೇಡ. ಎರಡನೆಯ ವಾರದಿಂದ ಐದು ಐದು ನಿಮಿಷ ಏರಿಸಿಕೊಳ್ಳಬಹುದು. ಪಕ್ಕದವರೊಡನೆ ಮಾತನಾಡಲು ಆಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ವೇಗಕ್ಕೆ ಈ ಅಳತೆ ಸಾಕು.

ಇನ್ನೊಂದು ಲೆಕ್ಕ ನಿಮ್ಮ ಮನಸ್ಸಿಗೆ ನೆಮ್ಮದಿ ಕೊಡಬಹುದು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 45 ನಿಮಿಷದಂತೆ ನಿಮ್ಮದು ಈಗಲೇ 315 ನಿಮಿಷ. ಮದುವೆಯ ಮನೆಯೋ ನೆಂಟರ ಭೇಟಿಯೋ ಬಂದು ವಾರದಲ್ಲಿ ಎರಡು ದಿನ ತಪ್ಪಿದರೂ 225 ನಿಮಿಷ ಉಳಿಯುತ್ತದೆ. ತಪ್ಪಿದ ದಿನವನ್ನು ಮರುದಿನ ದುಪ್ಪಟ್ಟು ನಡೆದು ತುಂಬಲು ಮಾತ್ರ ಹೋಗಬೇಡಿ. ಅದೇ ಸಂಸ್ಥೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಹೇಳಿದೆ. ಅದಕ್ಕೆ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಇಷ್ಟನ್ನು ಮಗನ ಮನೆಯಲ್ಲೇ ಮಾಡಿಕೊಳ್ಳಬಹುದು.

ಹೊರಡುವ ಹೊತ್ತಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಾಖಂಡಿತವಾದದ್ದು. ಜನವರಿಯಲ್ಲಿ ಬೆಂಗಳೂರಿನ ಸೂರ್ಯೋದಯ ಸುಮಾರು 6.45ಕ್ಕೆ. ಅದಕ್ಕೆ ಮೊದಲು ಹೊರಟರೆ ಬೀದಿನಾಯಿಗಳ ಕಾಟ, ಚರಂಡಿಯ ಮೇಲೆ ಜರುಗಿದ ಚಪ್ಪಡಿ ಕತ್ತಲೆಯಲ್ಲಿ ಕಾಣುವುದಿಲ್ಲ. ಎಂಟೂವರೆ ದಾಟಿದರೆ ಮುಖ್ಯರಸ್ತೆಗಳಲ್ಲಿ ಹೊಗೆ. ಹೀಗಾಗಿ ಬೆಳಕು ಹರಿದಾಗ ಹೊರಟು ಎಂಟರೊಳಗೆ ಮುಗಿಸುವುದು ಒಳ್ಳೆಯದು. ನಿಮ್ಮ ನೆನಪಿನಲ್ಲಿರುವ ಬೆಂಗಳೂರಿಗೆ ಇಂದಿನ ಬೆಂಗಳೂರು ಹತ್ತಿರವಾಗಿ ಕಾಣುವುದೂ ಆ ಒಂದೂಕಾಲು ಗಂಟೆಯಲ್ಲೇ. ಹೂವಿನ ಬುಟ್ಟಿ, ಹಾಲಿನ ಬೂತು, ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವವರು, ಎಲ್ಲವೂ ಆಗ ಇರುತ್ತವೆ.

ಜಯನಗರದಿಂದ ನಿಮಗೆ ಅತ್ಯಂತ ಸುಲಭವಾದದ್ದು ಲಾಲ್‌ಬಾಗ್. ಜಯನಗರ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಸೌತ್ ಎಂಡ್ ಸರ್ಕಲ್ ಆದ ಮೇಲಿನ ನಿಲ್ದಾಣವೇ ಲಾಲ್‌ಬಾಗ್, ಅಲ್ಲಿಂದ ಪಶ್ಚಿಮ ದ್ವಾರ ಹತ್ತಿರ. ಬೆಳಗಿನ ನಡಿಗೆಗೆ ಬರುವವರಿಗೆ ಟಿಕೆಟ್ ಇಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಈ ತೋಟ ಈಗ ಸುಮಾರು 240 ಎಕರೆ ಇರುವುದರಿಂದ ಒಂದೇ ದಿನ ಎಲ್ಲವನ್ನೂ ನೋಡುವ ಹಟ ಬೇಡ. ಮೊದಲ ದಿನ ಗಾಜಿನ ಮನೆಯವರೆಗೆ ಹೋಗಿ ಬನ್ನಿ. ಅದರ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಇನ್ನೊಂದು ದಿನ ಕೆರೆಯ ಏರಿ. ಮತ್ತೊಂದು ದಿನ ಆ ಬಿಳಿ ಬೂರುಗದ ಮರ: ನೆಲದಿಂದ ಗೋಡೆಗಳಂತೆ ಎದ್ದಿರುವ ಅದರ ಬೇರುಗಳ ಸಂದಿನಲ್ಲಿ ಒಬ್ಬ ಮನುಷ್ಯ ಮರೆಯಾಗಿ ನಿಲ್ಲಬಹುದು. ಮಕ್ಕಳನ್ನು ಅಲ್ಲಿ ನಿಲ್ಲಿಸಿ ನೀವೂ ಫೋಟೋ ತೆಗೆದಿರುತ್ತೀರಿ.

ಕೆಂಪೇಗೌಡರ ಗೋಪುರವಿರುವ ಬಂಡೆಗೆ ಮಾತ್ರ ಎರಡನೆಯ ವಾರದ ನಂತರ ಹೋಗಿ. ಅದು ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹಿಮ್ಮಡಿ ವಾಸಿಯಾದ ಮೇಲೆ ನಾನು ಮೊದಲು ಹೋದದ್ದು ಅಲ್ಲಿಗೇ. ಬಿಸಿಲು ಇನ್ನೂ ತಾಗಿರಲಿಲ್ಲ. ಕುಳಿತು ಅಂಗೈ ಊರಿದಾಗ ಕಲ್ಲು ಮಡಕೆಯ ಹಾಗೆ ತಣ್ಣಗಿತ್ತು. ಬೂದುಬಣ್ಣದ ಮೇಲೆ ಬಿಳಿಯ ಪಟ್ಟಿಗಳು ಹಿಟ್ಟು ನಾದಿ ಮಡಚಿದಂತೆ ಸುತ್ತಿಕೊಂಡಿದ್ದವು. ಹಿಂದೆ ಆ ಕಲ್ಲಿನ ಮೇಲೆ ನೂರಾರು ಸಲ ಕುಳಿತಿದ್ದರೂ ಆ ಪಟ್ಟಿಗಳನ್ನು ನಾನು ಗಮನಿಸಿರಲಿಲ್ಲ. ಇಳಿಯುವಾಗ ನೇರವಾಗಿ ಇಳಿಯದೆ ಓರೆಯಾಗಿ, ಚಿಕ್ಕ ಹೆಜ್ಜೆಯಲ್ಲಿ ಇಳಿಯಿರಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಭಾರ. ಇಬ್ಬನಿಯಿಂದ ಕಲ್ಲು ಒದ್ದೆಯಾಗಿದ್ದರೆ ಹತ್ತಲೇಬೇಡಿ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ದಿನಗಳಲ್ಲಿ ಲಾಲ್‌ಬಾಗ್ ತುಂಬಿಹೋಗುತ್ತದೆ, ಆ ದಿನಗಳನ್ನು ಬೇರೆ ಕಡೆಗೆ ಇಟ್ಟುಕೊಳ್ಳಿ.

ಮಲ್ಲೇಶ್ವರಕ್ಕೆ ಹೋಗುವುದು ಈಗ ನೀವು ನೆನೆಸಿಕೊಳ್ಳುವಷ್ಟು ಕಷ್ಟವಲ್ಲ. ನೀವು ಊರು ಬಿಟ್ಟ ಎರಡು ವರ್ಷಕ್ಕೆ, 2011ರಲ್ಲಿ, ಮೆಟ್ರೋದ ಮೊದಲ ಭಾಗ ಓಡತೊಡಗಿತು. 2017ರಿಂದ ಜಯನಗರದಲ್ಲಿ ಕುಳಿತವರು ಗಾಡಿ ಬದಲಿಸದೆ ಸಂಪಿಗೆ ರಸ್ತೆಯಲ್ಲಿ ಇಳಿಯಬಹುದು. ಅಲ್ಲಿಂದ ಎಂಟನೇ ಕ್ರಾಸಿನ ಮಾರುಕಟ್ಟೆ, ಕಾಡು ಮಲ್ಲೇಶ್ವರನ ಗುಡಿ, ಎದುರಿನ ನಂದಿ ತೀರ್ಥ ದಾಟಿ ಸ್ಯಾಂಕಿ ಕೆರೆಯವರೆಗೆ ನಿಧಾನವಾಗಿ ನಡೆದರೆ ನಿಮ್ಮ ಮುಕ್ಕಾಲು ಗಂಟೆ ತಾನಾಗಿ ಮುಗಿಯುತ್ತದೆ. ಕೆರೆಯನ್ನೂ ಸುತ್ತಬೇಕೆನಿಸಿದರೆ ಅದಕ್ಕೆ ಇನ್ನೊಂದು ದಿನ ಬನ್ನಿ. 1898ರ ಪ್ಲೇಗಿನ ನಂತರ ಗಾಳಿ ಬೆಳಕು ಬೇಕೆಂದೇ ಬಡಾವಣೆಯಾಗಿ ಬೆಳೆದ ಊರು ಅದು, ಅಡ್ಡರಸ್ತೆಗಳಲ್ಲಿ ಮರದ ನೆರಳು ಇನ್ನೂ ಇದೆ. ಸಂಪಿಗೆ ರಸ್ತೆಯ ಪಾದಚಾರಿ ಮಾರ್ಗ ಹಲವು ಕಡೆ ಎತ್ತರ ತಗ್ಗಾಗಿರುವುದರಿಂದ ಆದಷ್ಟೂ ಒಳಗಿನ ರಸ್ತೆಗಳಲ್ಲೇ ಹೋಗಿ. ನೋಡುವ ಆಸೆಗೆ ತಲೆ ಎತ್ತಿದರೆ ನಿಂತು ನೋಡಿ, ನಡೆಯುವಾಗ ಕಣ್ಣು ನೆಲದ ಮೇಲಿರಲಿ.

ಕಬ್ಬನ್ ಪಾರ್ಕಿಗೆ ಭಾನುವಾರವೇ ಹೋಗಿ, ಅಂದು ಒಳಗೆ ವಾಹನ ಬಿಡುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಬೇಕು. ಭಾನುವಾರ ಮೆಟ್ರೋ ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ ಎಂಬುದು ನೆನಪಿರಲಿ. ಅದೃಷ್ಟವಿದ್ದರೆ ಗುಲಾಬಿ ಬಣ್ಣದ ಟಬೂಬಿಯಾ ಅರಳಿರುತ್ತದೆ. ವರ್ಷವಿಡೀ ಒಂದರ ನಂತರ ಒಂದು ಜಾತಿಯ ಮರ ಹೂಬಿಡುವಂತೆ ಬೀದಿಮರಗಳನ್ನು ಆರಿಸುವ ಕ್ರಮಕ್ಕೆ ಈ ಊರಿನಲ್ಲಿ ಅಡಿಪಾಯ ಹಾಕಿದವರು ಹಿಂದೆ ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್.

ಔಷಧದ ವಿಚಾರ. ಬರುವ ಮುನ್ನ ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಡೆಯಬಹುದೇ ಎಂದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುವ ಸಾಧ್ಯತೆ ಇರುತ್ತದೆ. ಮೂರು ಟೀ ಚಮಚದಷ್ಟು, ಅಂದರೆ ಸುಮಾರು 15 ಗ್ರಾಂ, ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಪೊಟ್ಟಣ ಕಟ್ಟಿ ಚೀಲದಲ್ಲಿ ಇಟ್ಟುಕೊಳ್ಳಿ. ಕೈ ನಡುಗಿ ಬೆವರು ಬಂದರೆ ನಡಿಗೆ ನಿಲ್ಲಿಸಿ ಅದನ್ನು ತಿನ್ನಿ. ಹೊಸ ಚಪ್ಪಲಿ ಕೊಂಡು ಬರಬೇಡಿ, ಕಾಲಿಗೆ ಪಳಗಿದ ಬೂಟನ್ನೇ ತನ್ನಿ. ದಿನವೂ ಮನೆಗೆ ಬಂದ ಮೇಲೆ ಬೆರಳ ಸಂದು, ಹಿಮ್ಮಡಿ, ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಸಕ್ಕರೆ ಇರುವವರಿಗೆ ಸಣ್ಣ ಬೊಬ್ಬೆಯೂ ಸಣ್ಣದಲ್ಲ.

ತಿಂಡಿಯ ಬಗ್ಗೆ ನಿಮಗಿರುವ ಭಯ ನನಗೂ ಇತ್ತು. ಬೆಂಗಳೂರಿಗೆ ಬಂದು ಮಸಾಲೆ ದೋಸೆ ತಿನ್ನದೆ ಹೋಗಿ ಎಂದು ನಾನು ಹೇಳುವುದಿಲ್ಲ. ವಾರಕ್ಕೆ ಒಂದು ದಿನ ನಿಗದಿ ಮಾಡಿಕೊಳ್ಳಿ, ಜೊತೆಯವರೊಡನೆ ಒಂದನ್ನು ಹಂಚಿಕೊಳ್ಳಿ, ತಿಂದ ಮೇಲೆ ಕುಳಿತುಬಿಡದೆ ಹದಿನೈದು ನಿಮಿಷ ನಡೆಯಿರಿ. ಊಟದ ನಂತರದ ಈ ಸಣ್ಣ ನಡಿಗೆ ರಕ್ತದ ಸಕ್ಕರೆ ಏರುವುದನ್ನು ಚೆನ್ನಾಗಿ ತಗ್ಗಿಸುತ್ತದೆ, ನನ್ನ ಮೀಟರಿನಲ್ಲಿ ನಾನೇ ನೋಡಿದ್ದೇನೆ. ಕಾಫಿಗೆ ಕೌಂಟರಿನಲ್ಲೇ ಸಕ್ಕರೆ ಬೇಡವೆಂದು ಹೇಳಿ ಬೈಟು ತೆಗೆದುಕೊಳ್ಳಿ. ಜನವರಿ ಅವರೆಕಾಯಿಯ ಕಾಲ. ಎಂಟನೇ ಕ್ರಾಸಿನಲ್ಲಿ ಸೊಗಡವರೆಯ ರಾಶಿಯ ಮುಂದೆ ನಿಂತರೆ ಆ ವಾಸನೆಗೇ ಹಳೆಯ ಮನೆಯ ಅಡುಗೆಮನೆ ಕಣ್ಣಮುಂದೆ ಬರುತ್ತದೆ. ಒಂದು ಕಿಲೋ ತಂದು ಸೊಸೆಯೊಡನೆ ಹಿಸುಕಿ, ಹಿದುಕಿದ ಬೇಳೆಯ ಸಾರು ಮಾಡಿ ಸಣ್ಣ ರಾಗಿ ಮುದ್ದೆಯೊಡನೆ ಊಟ ಮಾಡಿ. ಕಾಳಿನಲ್ಲಿ ನಾರೂ ಇದೆ, ಪ್ರೋಟೀನೂ ಇದೆ. ಎಚ್ಚರ ಬೇಕಾದದ್ದು ಸಂಕ್ರಾಂತಿಗೆ. ಹತ್ತು ಮನೆಯವರು ಎಳ್ಳು ಬೀರಲು ಬರುತ್ತಾರೆ, ಬೇಡವೆನ್ನುವ ಹಾಗಿಲ್ಲ, ಪ್ರತಿಯೊಬ್ಬರದೂ ಒಂದೊಂದು ಚಮಚ ಎಂದರೂ ಬೆಲ್ಲ, ಸಕ್ಕರೆ ಅಚ್ಚು ಸೇರಿ ಬಹಳವಾಗುತ್ತದೆ. ಎಲ್ಲವನ್ನೂ ಸ್ವೀಕರಿಸಿ ಒಂದೇ ಡಬ್ಬಿಗೆ ಹಾಕಿ, ದಿನಕ್ಕೆ ಒಂದು ಚಮಚದಂತೆ ಊಟದ ಜೊತೆ ತಿನ್ನಿ.

ರಾತ್ರಿ ಹತ್ತಕ್ಕೆ ಮಲಗುವ ನಿಮ್ಮ ಅಭ್ಯಾಸವನ್ನು ಕೆಡಿಸುವುದು ಹಳೆಯ ಗೆಳತಿಯರ ಪ್ರೀತಿ. ರಾತ್ರಿ ಊಟಕ್ಕೆ ಬನ್ನಿ ಎನ್ನುತ್ತಾರೆ, ಊಟ ಒಂಬತ್ತಕ್ಕೆ, ವಾಪಸ್ಸು ಹನ್ನೊಂದಕ್ಕೆ. ಮೂರು ಮನೆಗೆ ಹಾಗೆ ಹೋದ ಮೇಲೆ ನಾನು ಎಲ್ಲರಿಗೂ ಒಂದೇ ಮಾತು ಹೇಳತೊಡಗಿದೆ: ಊಟ ಬೇಡ, ಬೆಳಿಗ್ಗೆ ನನ್ನೊಡನೆ ನಡೆಯಲು ಬಾ. ಮೊದಲು ಒಬ್ಬಳೇ ಬಂದಳು. ಕೊನೆಯ ವಾರ ಬ್ಯೂಗಲ್ ರಾಕಿನಲ್ಲಿ ನಾವು ಆರು ಜನ ಇದ್ದೆವು. ಊಟದ ಮೇಜಿನ ಮುಂದೆ ಕುಳಿತಾಗ ಆಡದ ಮಾತುಗಳನ್ನು, ಗಂಡನನ್ನು ಕಳೆದುಕೊಂಡದ್ದನ್ನು, ಮಕ್ಕಳು ದೂರವಾದದ್ದನ್ನು, ಪಕ್ಕಪಕ್ಕದಲ್ಲಿ ನಡೆಯುವಾಗ ಅವರು ಸಲೀಸಾಗಿ ಹೇಳಿಕೊಂಡರು.

ನಿಮ್ಮ ಹಳೆಯ ಮನೆಯ ಬೀದಿಗೆ ಮೊದಲ ವಾರವೇ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತ್ಯಾಗರಾಜನಗರದಲ್ಲಿ ನಾವಿದ್ದ ವಠಾರದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಇದೆ. ಗೊತ್ತಿದ್ದೇ ಹೋಗಿದ್ದೆ, ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ. ಬೀದಿಯ ತುದಿಯ ಹೊಂಗೆಯ ಮರ ಮಾತ್ರ ಇತ್ತು, ನನ್ನ ಮಗ ಸೈಕಲ್ ಕಟ್ಟುತ್ತಿದ್ದ ಸರಪಳಿಯ ಗುರುತು ಕಾಂಡದ ಮೇಲೆ ಬಳೆಯ ಹಾಗೆ ಉಬ್ಬಿಕೊಂಡಿತ್ತು. ನೀವು ಮೂರನೆಯ ವಾರ, ನಡಿಗೆ ನಿದ್ದೆಗಳು ಒಂದು ಹದಕ್ಕೆ ಬಂದ ಮೇಲೆ, ಮಗನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮನೆ ಇಲ್ಲದಿದ್ದರೂ ನೋಡಲು ಏನಾದರೂ ಒಂದು ಇರುವಂತೆ, ಬೀದಿಯಲ್ಲಿದ್ದ ಮರಗಳನ್ನು ಮೊದಲೇ ನೆನಪು ಮಾಡಿಕೊಂಡು ಹೋಗಿ.

ಜನವರಿ ಎರಡನೆಯ ವಾರ ನಾನೂ ತಂಗಿಯ ಮನೆಗೆ ಬರುತ್ತೇನೆ. ನಿಮಗೆ ಅನುಕೂಲವಾಗುವ ದಿನ ತಿಳಿಸಿದರೆ ಲಾಲ್‌ಬಾಗಿನ ಪಶ್ಚಿಮ ದ್ವಾರದ ಬಳಿ 6.45ಕ್ಕೆ ನಾವಿಬ್ಬರೂ ಇರುತ್ತೇವೆ. ಕಿವಿಗೆ ಸುತ್ತಿಕೊಳ್ಳಲು ಒಂದು ಶಾಲು ತನ್ನಿ, ಕೆರೆಯ ಕಡೆ ಆ ಹೊತ್ತಿಗೆ ಚಳಿ ಇರುತ್ತದೆ.