ಕೆಂಪು ಸಿಲಿಂಡರ್ ಯಾರ ಲೆಕ್ಕಕ್ಕೆ?

ಪ್ರಶ್ನೆ: ಸರ್, ಪಿ.ಜೆ. ಬಡಾವಣೆಯಲ್ಲಿ ನಮ್ಮದೊಂದು ನಾಲ್ಕಂತಸ್ತಿನ ಕಟ್ಟಡ ಇದೆ. ಕೆಳಗೆ ಬೆಣ್ಣೆ ದೋಸೆ ಹೋಟೆಲ್, ಅದರ ಮೇಲೆ ಬಟ್ಟೆ ಅಂಗಡಿ, ಇನ್ನೂ ಮೇಲೆ ಕೋಚಿಂಗ್ ಕ್ಲಾಸ್. ಕಟ್ಟಿಸುವಾಗಲೇ ಬೆಂಕಿ ಆರಿಸೋ ಪಂಪು, ಪೈಪು, ಕೆಂಪು ಸಿಲಿಂಡರ್ ಎಲ್ಲ ಹಾಕಿಸಿ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರ, ಅಂದರೆ ಫೈರ್ ಎನ್‌ಒಸಿ ತಗೊಂಡಿದ್ದೇನೆ. ಈಗ ಸಿಲಿಂಡರ್ ರೀಫಿಲ್ ಮಾಡಿಸಿ ಅಂದರೆ ಬಾಡಿಗೆಯವರು ನನ್ನ ಮುಖ ನೋಡುತ್ತಾರೆ. ಇರೋರು ಅವರು, ಖರ್ಚು ನನ್ನದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಖರ್ಚು ನಿಮ್ಮ ಬಾಡಿಗೆ ಕರಾರಿನ ಮಾತು, ಹೇಗೆ ಬೇಕಾದರೂ ಬರೆದುಕೊಳ್ಳಿ. ಹೊಣೆ ಬೇರೆ. ಪಂಪು, ಟ್ಯಾಂಕು, ಅಲಾರಂ, ಮೆಟ್ಟಿಲು ಇವು ಯಾವ ಒಬ್ಬ ಬಾಡಿಗೆದಾರನ ಸ್ವತ್ತೂ ಅಲ್ಲ, ಹಾಗಾಗಿ ಅವು ಸರಿ ಇವೆಯಾ ಅಂತ ನೋಡೋದು ನಿಮ್ಮ ಪಾಲಿಗೇ ಬರುತ್ತದೆ. ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತರು. ಬೆಂಕಿ ಹತ್ತಿದ್ದು ಕೆಳಗಿದ್ದ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್‌ನಿಂದ. ಆದರೆ ಜಾಸ್ತಿ ಸೀಟು ಹಾಕೋಕೆ ಬಾಲ್ಕನಿಯ ದಾರಿ ಮುಚ್ಚಿದ್ದು ಚಿತ್ರಮಂದಿರದವರೇ ಅಲ್ವಾ? ಮಾಲೀಕರಿಗೂ ಶಿಕ್ಷೆಯಾಯಿತು.

ಎನ್‌ಒಸಿ ಅಂದರೆ ಆವತ್ತು ಎಲ್ಲ ಸರಿ ಇತ್ತು ಅನ್ನೋ ಪತ್ರ. ಆಮೇಲೆ ಪಂಪು ಜಾಮ್ ಆದರೆ ಅದಕ್ಕೇನು ಗೊತ್ತು?

ನಿಮ್ಮ ಪತ್ರದಲ್ಲಿ ಸಿಲಿಂಡರ್ ಮಾತು ಜಾಸ್ತಿ, ಟ್ಯಾಂಕಿನ ಮಾತೇ ಇಲ್ಲ. ನಮ್ಮ ಊರಲ್ಲಿ ಬೇಸಿಗೆ ಬಂದು ನಲ್ಲಿ ನೀರು ತಪ್ಪಿತು ಅಂದರೆ ಮೊದಲು ಕೈ ಹೋಗೋದು ಬೆಂಕಿಗೆ ಅಂತ ಇಟ್ಟ ನೀರಿಗೆ, ಹೋಟೆಲಿನವರು ಪಾತ್ರೆ ತೊಳೆಯೋದೂ ಅದರಲ್ಲೇ. ಒಂದೇ ಸಂಪು ಆಗಿದ್ದರೆ ಬಳಕೆ ನೀರು ಎಳೆಯೋ ಪೈಪನ್ನು ಮೇಲಿನ ಮಟ್ಟಕ್ಕೆ ಎತ್ತರಿಸಿ ಕೂರಿಸಿ. ಆಗ ಎಷ್ಟೇ ಎಳೆದರೂ ಕೆಳಗಿನ ನೀರು ಬೆಂಕಿಗೆ ಉಳಿಯುತ್ತದೆ. ಇನ್ನು ಪಂಪಿನ ಪ್ಯಾನೆಲ್ ನೋಡಿ. ಎಲ್ಲೋ ಪೈಪು ಸೋರುತ್ತಿದ್ದರೆ ಒತ್ತಡ ಇಳಿದು ಜಾಕಿ ಪಂಪು (ಪೈಪಿನ ಒತ್ತಡ ಕಾಯೋ ಚಿಕ್ಕ ಪಂಪು) ಗಳಿಗೆಗೊಮ್ಮೆ ಓಡುತ್ತದೆ, ಕರೆಂಟ್ ಬಿಲ್ ಏರುತ್ತದೆ, ವಾಚ್‌ಮನ್ ಸುಮ್ನೆ 'ಆಟೊ'ದಿಂದ 'ಮ್ಯಾನುಯಲ್'ಗೆ ತಿರುಗಿಸಿಬಿಡುತ್ತಾನೆ. ಅಲ್ಲಿಗೆ ಮುಗೀತು. ಬೆಂಕಿ ಬಿದ್ದಾಗ ಯಾರೂ ಓಡಿ ಹೋಗಿ ಬಟನ್ ಒತ್ತೋದಿಲ್ಲ. ಸೋರಿಕೆ ನಿಲ್ಲಿಸಿ, ವಾರಕ್ಕೊಮ್ಮೆ ಪಂಪು ಓಡಿಸಿ, ಡೀಸೆಲ್ ಪಂಪಿದ್ದರೆ ಬ್ಯಾಟರಿಯನ್ನೂ ನೋಡಿ, ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ನಾಳೆ ಕೇಳೋರು ಬಂದರೆ ಆ ಪುಸ್ತಕವೇ ನಿಮ್ಮ ಪರ ಮಾತಾಡೋದು.

ಸಿಲಿಂಡರಿಗೆ ಬರೋಣ. ಅದರ ಮೀಟರಿನ ಮುಳ್ಳು ಹಸಿರಿನಲ್ಲಿದೆ ಅಂತ ನಂಬಿ ಕೂರಬೇಡಿ. ಅದು ಒತ್ತಡ ಮಾತ್ರ ಹೇಳುತ್ತದೆ, ಒಳಗೆ ಬೆಂಕಿ ಆರಿಸೋ ಪುಡಿ ಗಟ್ಟಿಯಾಗಿದ್ದರೂ ಹಸಿರೇ ತೋರಿಸುತ್ತದೆ. ಪಿನ್ನು, ಸೀಲು, ನಳಿಕೆ ತಿಂಗಳಿಗೊಮ್ಮೆ ನೋಡಿ. ಸ್ವಲ್ಪ ಬಳಸಿದ್ದರೂ ಮತ್ತೆ ತುಂಬಿಸಲೇಬೇಕು, ಯಾಕಂದರೆ ಒಮ್ಮೆ ಒತ್ತಿದ ಮೇಲೆ ಗಾಳಿ ನಿಧಾನವಾಗಿ ಸೋರಿಹೋಗುತ್ತದೆ. ಹೋಟೆಲಿನವರಿಗೆ ಒಂದು ಮಾತು ಹೇಳಿ: ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬಾರದು. ಗ್ಯಾಸ್ ಆರಿಸಿ, ಮುಚ್ಚಳ ಮುಚ್ಚಬೇಕು.

ಇಷ್ಟೆಲ್ಲ ಮಾಡಿಯೂ ಬಟ್ಟೆ ಅಂಗಡಿಯ ಬಂಡಲುಗಳು ಮೆಟ್ಟಿಲ ಮೇಲಿದ್ದರೆ, ತಾರಸಿ ಬಾಗಿಲಿಗೆ ಬೀಗ ಇದ್ದರೆ ಮೇಲಿನ ಕೋಚಿಂಗ್ ಮಕ್ಕಳು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತರು. ಅಲ್ಲಿ ಕೊಂದದ್ದು ಉರಿಗಿಂತ ಹೊಗೆ. ಕೆಲವರು ಉಸಿರುಗಟ್ಟಿ ಕಿಟಕಿಯಿಂದ ಹಾರಿದರು. ಬಂಡಲು ತೆಗೆಸೋಕೆ ರೀಫಿಲ್ ಬಿಲ್ಲಿನಷ್ಟೂ ಖರ್ಚಿಲ್ಲ, ಇವತ್ತೇ ತೆಗೆಸಿ. ಬಾಡಿಗೆದಾರ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಪ್ರಶ್ನೆ: ನಮ್ಮ ಲಾಡ್ಜಿನಲ್ಲಿ ಅಲಾರಂ ಸುಮ್ಮಸುಮ್ನೆ ಕೂಗುತ್ತದೆ. ಗಿರಾಕಿಗಳು ಬೈಯುತ್ತಾರೆ ಅಂತ ಆಫ್ ಮಾಡಿಟ್ಟಿದ್ದೇವೆ. ಪರವಾಗಿಲ್ವಾ?
– ಓದುಗ, ಚಿತ್ರದುರ್ಗ

ಉತ್ತರ: ಇಲ್ಲ. ಮಲಗಿರೋ ಗಿರಾಕಿಯನ್ನು ಮತ್ತೆ ಯಾರು ಎಬ್ಬಿಸುತ್ತಾರೆ? ಸುಮ್ನೆ ಕೂಗೋದಕ್ಕೂ ಕಾರಣ ಇರುತ್ತದೆ: ಹೊಗೆ ಪತ್ತೆ ಮಾಡೋ ಡಿಟೆಕ್ಟರಿನೊಳಗೆ ಧೂಳು, ಹುಳ, ಇಲ್ಲವೇ ಪಕ್ಕದ ಅಡುಗೆಮನೆಯ ಒಗ್ಗರಣೆ ಹೊಗೆ. ಮೆಕ್ಯಾನಿಕ್ ಕರೆಸಿ ಎಲ್ಲವನ್ನೂ ಒಮ್ಮೆ ಸ್ವಚ್ಛ ಮಾಡಿಸಿ. ಅಡುಗೆಮನೆಯಲ್ಲಿ ಹೊಗೆ ಹಿಡಿಯೋದರ ಬದಲು ಶಾಖ ಹಿಡಿಯೋ ಡಿಟೆಕ್ಟರ್ ಹಾಕಿಸಿ, ಅದು ಒಗ್ಗರಣೆಗೆಲ್ಲ ಕೂಗೋದಿಲ್ಲ.